ಚೆಸ್ಟರ್ ಎದ್ದು ನಿಂತದ್ದು

ಶವಪೆಟ್ಟಿಗೆಯ ಪಕ್ಕದಲ್ಲಿದ್ದ ದೊಡ್ಡ ಹೂಗುಚ್ಛವನ್ನು ಲಿಯೋ ಎತ್ತಿಕೊಂಡು ಹೋಗಿ ಚರ್ಚಿನ ಹೊರಗೆ ಕಸದ ಡಬ್ಬಿಗೆ ಆನಿಸಿಟ್ಟ. ಅದರ ರಿಬ್ಬನ್ನಿನ ಮೇಲೆ ಅದನ್ನು ಕಳಿಸಿದ ಲ್ಯಾಬಿನ ಹೆಸರಿತ್ತು.

"ಒಳ್ಳೇ ಕೆಲಸ ಮಾಡ್ದೆ," ಎಂದಳು ಬರ್ನಡೀನ್. ಗಂಡ ಚೆಸ್ಟರ್ ಸತ್ತ ಮೇಲೆ ಮೈದುನನ ಹತ್ತಿರ ಆಕೆ ಸಿಡುಕದೆ ಆಡಿದ ಮೊದಲ ಮಾತು ಅದು.

ಚೆಸ್ಟರನದು ಮನೆಗಳಿಗೆ ಮಾಡು ಹೊದಿಸುವ ಕೆಲಸ. ಶಾಲೆಯೊಂದರ ಮಾಡಿನಿಂದ ಬಿದ್ದ ಮೇಲೆ ಸೊಂಟದ ಕೆಳಗೆ ಅವನಿಗೆ ಸ್ವಾಧೀನವಿರಲಿಲ್ಲ, ನೋವೂ ತಿಳಿಯುತ್ತಿರಲಿಲ್ಲ. ಪಿಟ್ಸ್‌ಬರ್ಗಿನ ಲ್ಯಾಬೊಂದರಲ್ಲಿ ಸೊಂಟದಿಂದ ಪಾದದ ತನಕ ಬಿಗಿದರೆ ಮೋಟಾರಿನಿಂದ ಹೆಜ್ಜೆ ಎತ್ತಿಡುವ ಚೌಕಟ್ಟೊಂದನ್ನು ಮಾಡುತ್ತಿದ್ದರು. ಅದನ್ನು ಕಟ್ಟಿಕೊಂಡು ನಡೆದು ಪರೀಕ್ಷಿಸಲು ಜನ ಬೇಕಿತ್ತು. ಚೆಸ್ಟರ್ ವರ್ಷಗಟ್ಟಲೆ ಹೋದ; ಅವನು ಎದ್ದು ನಿಂತ ಫೋಟೋವನ್ನು ಲ್ಯಾಬಿನವರು ಪೋಸ್ಟರಿಗೆ ಹಾಕಿಕೊಂಡರು. ಚೌಕಟ್ಟು ಮಾತ್ರ ಲ್ಯಾಬಿನಲ್ಲೇ ಉಳಿಯುತ್ತಿತ್ತು. ಮನೆಗೆ ಅವನು ಬರುತ್ತಿದ್ದದ್ದು ಗಾಲಿಕುರ್ಚಿಯಲ್ಲೇ. ಕಡೆಗೆ ಸೊಂಟದ ಪಟ್ಟಿ ಉಜ್ಜಿದಲ್ಲಿ ಹುಣ್ಣಾಗಿ, ಹುಣ್ಣು ಮೂಳೆಗಿಳಿದು, ನಂಜು ರಕ್ತಕ್ಕೇರಿತು.

ಚೌಕಟ್ಟನ್ನು ಮಾಡಿದ ಇಂಜಿನಿಯರ್ ಪ್ರಿಸಿಲ್ಲಾ ಚರ್ಚಿನ ಮೆಟ್ಟಿಲು ಹತ್ತಿ ಬಂದಳು. ಲಿಯೋ ಅಡ್ಡ ನಿಂತ.

"ಪೋಸ್ಟರಿಗೆ ಇನ್ನೊಂದು ಫೋಟೋ ಬೇಕಿತ್ತಾ? ತಗೊಳ್ಳಿ. ಇವತ್ತು ಅವನು ಅಲ್ಲಾಡಲ್ಲ, ಚೆನ್ನಾಗಿ ಬರುತ್ತೆ."

ಪ್ರಿಸಿಲ್ಲಾ ಬರ್ನಡೀನಳನ್ನೇ ನೋಡುತ್ತ ನಿಂತಳು.

* * *

ಬರ್ನಡೀನ್ ಲ್ಯಾಬಿಗೆ ಹೋದದ್ದು ಒಂದೇ ಸಲ. ಅಂದು ಮೋಟಾರುಗಳು ಗುರುಗುಟ್ಟಿದವು, ಚೆಸ್ಟರ್ ಎದ್ದು ನಿಂತ. ಗಂಡ ತನಗಿಂತ ಅಷ್ಟು ಎತ್ತರವೆಂಬುದೇ ಆಕೆಗೆ ಮರೆತುಹೋಗಿತ್ತು. ತಬ್ಬಿಕೊಳ್ಳಲು ಹೋದಳು.

"ಮೆತ್ತಗೆ ಕಣೇ. ಜೋರಾಗಿ ಒತ್ತಿದ್ರೆ, ಬೀಳ್ತಿದೀನಿ ಅಂದ್ಕೊಂಡು ಇದು ನನ್ನ ಕೂರಿಸಿಬಿಡುತ್ತೆ."

ಆಕೆ ಕೈ ಹಿಂತೆಗೆದಳು. ಚೆಸ್ಟರ್ ಮೇಲಿನಿಂದ ಅವಳ ತಲೆಯನ್ನೇ ನೋಡುತ್ತಿದ್ದ.

"ಬೈತಲೆ ಪೂರ್ತಿ ಬೆಳ್ಳಗಾಗಿದೆಯಲ್ಲೇ. ಹೇಳ್ಲೇ ಇಲ್ಲ."

ಚೌಕಟ್ಟನ್ನು ಲ್ಯಾಬಿನಲ್ಲೇ ಬಿಚ್ಚಿಟ್ಟು ಕುರ್ಚಿಯಲ್ಲಿ ಮನೆಗೆ ಬಂದ. ಬಾಗಿಲಲ್ಲಿ ಕುರ್ಚಿಯ ಗಾಲಿ ಸಿಕ್ಕಿಕೊಂಡಾಗ, "ಮುಟ್ಬೇಡ, ನಾನೇ ಬಿಡಿಸ್ಕೋತೀನಿ," ಎಂದು ಗದರಿದ. ಅಂದಿನಿಂದ ಆ ಯಂತ್ರವೆಂದರೆ ಬರ್ನಡೀನಳಿಗೆ ಸವತಿಯನ್ನು ಕಂಡಂತೆ.

* * *

"ಆ ಹುಣ್ಣು ನಿನ್ನ ಕಣ್ಣಿಗೆ ಬೀಳ್ಲಿಲ್ವಾ?" ಚರ್ಚಿನ ಮೆಟ್ಟಿಲ ಮೇಲೆ ಬರ್ನಡೀನ್ ಪ್ರಿಸಿಲ್ಲಾಳನ್ನು ಕೇಳಿದಳು.

"ಕಟ್ಟೋ ಮುಂಚೆ ಪ್ರತಿ ಸಲ ಮೈ ನೋಡ್ತಿದ್ವಿ. ಸೊಂಟದ ಹತ್ರ ಬ್ಯಾಂಡೇಜು ಇತ್ತು. 'ಸಣ್ಣ ಗೀರು ಅಷ್ಟೇ, ನನ್ನ ಹೆಂಡ್ತಿ ದಿನಾ ನೋಡ್ತಾಳೆ, ಅವಳೇ ಕಟ್ಟಿದಾಳೆ, ಬಿಚ್ಚಬೇಡಿ' ಅಂದ್ರು ಚೆಸ್ಟರ್."

ಬರ್ನಡೀನ್ ಒಂದು ಮೆಟ್ಟಿಲು ಕೆಳಗಿಳಿದಳು. "ನನಗೆ, ಲ್ಯಾಬಿನ ನರ್ಸು ಕಟ್ಟಿದಾಳೆ, ಬಿಚ್ಚಬೇಡ ಅಂದಿದ್ದ."

"ಇವಳು ಸುಳ್ಳು ಹೇಳ್ತಿದಾಳೆ, ಬರ್ನೀ," ಎಂದ ಲಿಯೋ.

"ಇಲ್ಲ. ನಿಮ್ಮಣ್ಣ ಇಬ್ಬರ ಕಣ್ಣಿಗೂ ಮಣ್ಣೆರಚಿದ." ಆಕೆ ಪ್ರಿಸಿಲ್ಲಾ ಕಡೆ ತಿರುಗಿದಳು. "ಅವನು ನಿಜ ಹೇಳಿದ್ದಿದ್ರೆ ಏನು ಮಾಡ್ತಿದ್ದೆ?"

"ಮಾಯೋ ತನಕ ಚೌಕಟ್ಟು ಕಟ್ಟಿ ಎದ್ದು ನಿಲ್ಲೋಕೆ ಬಿಡ್ತಿರ್ಲಿಲ್ಲ. ತಿಂಗಳುಗಟ್ಟಲೆ ಆಗ್ತಿತ್ತು."

"ನಿನ್ನ ಕೆಲಸವೂ ನಿಲ್ತಿತ್ತು. ಅದಕ್ಕೇ ನಂಬಿದೆ. ನಂಬೋದು ನಿನಗೆ ಅನುಕೂಲವಾಗಿತ್ತು."

"ಹೌದು," ಎಂದಳು ಪ್ರಿಸಿಲ್ಲಾ.

"ಮಣ್ಣು ಹಾಕಿದ ಮೇಲೆ ಊಟಕ್ಕೆ ಬಾ," ಎಂದಳು ಬರ್ನಡೀನ್. ಅದರಲ್ಲಿ ಕರೆಯುವ ದನಿ ಇರಲಿಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ ಬಂದವರೆಲ್ಲ ಉದ್ದ ಮೇಜಿಗೆ ಕೂತಿದ್ದರು. ಬರ್ನಡೀನ್ ತಟ್ಟೆಗೆ ಎಲೆಕೋಸು, ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಬಡಿಸಿ ಪ್ರಿಸಿಲ್ಲಾ ಕೈಗಿತ್ತಳು. ಖಾಲಿಯಿದ್ದ ಒಂದೇ ಕುರ್ಚಿಯನ್ನು ಎಳೆದು ಗೋಡೆಯ ಕಡೆ ತಳ್ಳಿದಳು.

"ಅವನನ್ನ ಎಬ್ಬಿಸಿ ನಿಲ್ಲಿಸಿದೋಳು ನೀನು. ನಿಂತೇ ತಿನ್ನು."

 ಪ್ರಿಸಿಲ್ಲಾ ಯಾವುದಕ್ಕೂ ಒರಗದೆ, ಎಲ್ಲರ ಕಣ್ಣೆದುರು ತಟ್ಟೆ ಬರಿದಾಗುವ ತನಕ ತಿಂದಳು. ಬರ್ನಡೀನ್ ಎದ್ದು ಬಂದು ಇನ್ನೆರಡು ಪಿರೋಗಿ ಬಡಿಸಿದಳು; ಕುರ್ಚಿಯನ್ನು ಮಾತ್ರ ಹತ್ತಿರ ತರಲಿಲ್ಲ.