ನಾಲ್ಕು ದಿನದ ದೊಡ್ಡಮ್ಮ

ಶಾಲೆಯ ಬೂಟಿನ ಲೇಸು ಕಟ್ಟಿಕೊಳ್ಳುತ್ತಲೇ ಅಮೂಲ್ಯ ಪಾಠ ಒಪ್ಪಿಸಿದಳು. "ಲೀಲಾ ದೊಡ್ಡಮ್ಮ. ಅಮ್ಮನ ಅಕ್ಕ. ಚಿತ್ರದುರ್ಗದಿಂದ ಬಂದಿದ್ದಾರೆ. ಪೋಸ್ಟ್ ಆಫೀಸಲ್ಲಿ ಕೆಲಸ ಇತ್ತು, ಅಬ್ ರಿಟೈರ್ ಹೋ ಗಯೀ."

"ಎಷ್ಟು ದಿನ ಇರ್ತಾರೆ?" ಡಬ್ಬಿಗೆ ಪರಾಠ ಮಡಿಸಿಡುತ್ತ ರತ್ನಪ್ರಭಾ ಕೇಳಿದಳು.

"ಗೊತ್ತಿಲ್ಲ ಅನ್ಬೇಕು. ಎಷ್ಟು ದಿನ ಅಂತ ನೆಂಟರನ್ನ ಯಾರೂ ಕೇಳಲ್ಲ."

"ಶಭಾಷ್," ಎಂದಳು ತಾಯಿ.

ಒಂಬತ್ತು ವರ್ಷದ ಆ ಹುಡುಗಿಗೆ ಹೋದ ತಿಂಗಳು ಉಡುಪಿಯಿಂದ ಒಬ್ಬ ಸೋದರಮಾವ ಬಂದಿದ್ದ. ಅದಕ್ಕೂ ಮೊದಲು ಹೊಸದಾಗಿ ಮದುವೆಯಾದ ಚಿಕ್ಕಪ್ಪ-ಚಿಕ್ಕಮ್ಮ ಬಂದು ಹೋಗಿದ್ದರು. ಇವರಲ್ಲಿ ಒಬ್ಬರೂ ಅವಳಿಗೆ ಏನೂ ಆಗಬೇಕಾದವರಲ್ಲ. ಬೆಂಗಳೂರಿನಲ್ಲಿ ಗೋಪಿನಾಥ ಎಂಬ ಟ್ರಾವೆಲ್ ಏಜೆಂಟ್ ಇದ್ದ. ಹೋಟೆಲು ಬೇಡ, ದೆಹಲಿಯಲ್ಲಿ ದೆಹಲಿಯವರ ಹಾಗೆ ನಾಲ್ಕು ದಿನ ಇದ್ದು ನೋಡಬೇಕು ಎನ್ನುವವರನ್ನು ಅವನು ಈ ಮನೆಗೆ ಕಳಿಸುತ್ತಿದ್ದ. ಮೊದಲು ಬಂದವರು ನಿಜಕ್ಕೂ ಪರಿಚಯದವರೇ. ಆಮೇಲೆ ಬಂದವರೆಲ್ಲ ಬಾಡಿಗೆ ಕೊಟ್ಟು ಉಳಿದವರು.

ಮನೆ ಮಾತ್ರ ಅಮೂಲ್ಯಳ ಅಪ್ಪ ಏಕನಾಥನದಲ್ಲ, ಸರ್ಕಾರದ್ದು. ಕೇಂದ್ರ ಸರ್ಕಾರದ ಗುಮಾಸ್ತನಾದ ಅವನಿಗೆ ಹದಿನಾಲ್ಕು ವರ್ಷ ಕಾದ ಮೇಲೆ ಸರೋಜಿನಿ ನಗರದಲ್ಲಿ ಸಿಕ್ಕಿದ್ದ ಎರಡು ಕೋಣೆಯ ಕ್ವಾರ್ಟರ್ಸ್. ಅಲ್ಲಿ ನೆಂಟರು ಬಂದು ಇರಬಹುದು, ಹೊರಗಿನವರಿಗೆ ಕೋಣೆ ಕೊಡುವಂತಿಲ್ಲ. ಸಿಕ್ಕಿಬಿದ್ದರೆ ಮನೆ ಹೋಗುತ್ತದೆ, ಇಲಾಖೆಯ ವಿಚಾರಣೆಯೂ ಬೆನ್ನಿಗೆ ಬರುತ್ತದೆ. ಹಾಗಾಗಿ ಬಂದವರನ್ನು ಹೊಸ್ತಿಲಲ್ಲೇ ನೆಂಟರನ್ನಾಗಿ ಮಾಡಿಕೊಳ್ಳುವ ಪದ್ಧತಿ ಈ ಮನೆಯಲ್ಲಿ ಬೆಳೆದುಬಂದಿತ್ತು. ಗಂಡಸರಾದರೆ ಇಂಥದ್ದು, ಹೆಂಗಸರಾದರೆ ಇಂಥದ್ದು ಎಂದು ವಯಸ್ಸು ನೋಡಿ ಸಂಬಂಧ ಹಚ್ಚುತ್ತಿದ್ದರು. ಮನೆಯಲ್ಲಿ ಮಗು ಇದೆಯಲ್ಲ, ಹೊರಗೆ ಆಡಲು ಹೋಗುತ್ತದಲ್ಲ, ಅದಕ್ಕೂ ಕಲಿಸಬೇಕಾಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಎನ್ನುತ್ತಾರಲ್ಲ, ಇವರು ಮರಿಗೂ ಕಣ್ಣು ಮುಚ್ಚುವುದನ್ನು ಕಲಿಸಿದ್ದರು.

ಹಿಂದಿನ ಅತಿಥಿಗಳು ಬೆಳಗ್ಗೆ ಎದ್ದು ಕೆಂಪುಕೋಟೆ, ಕುತುಬ್ ಮಿನಾರ್ ಎಂದು ಹೊರಟುಬಿಡುತ್ತಿದ್ದರು, ಬರುವುದು ಕತ್ತಲಾದ ಮೇಲೆ. ಲೀಲಾ ಹಾಗಲ್ಲ. ಗೋಪುರ-ಗೋರಿಗಳನ್ನೆಲ್ಲ ಆಕೆ ಇಪ್ಪತ್ತು ವರ್ಷದ ಹಿಂದೆಯೇ ನೋಡಿ ಮುಗಿಸಿದ್ದರು. "ಈ ಸಲ ಜನರನ್ನ ನೋಡೋಕೆ ಬಂದಿದೀನಿ" ಎಂದು ಬಂದ ದಿನವೇ ಹೇಳಿ ಏಕನಾಥನ ಎದೆ ಧಸಕ್ಕೆನ್ನಿಸಿದ್ದರು. ಬೆಳಗ್ಗೆ ಕ್ಯಾನ್ ಹಿಡಿದು ಹಾಲಿನ ಬೂತಿಗೆ ಹೋದರು. ಬಜಾರಿನಲ್ಲಿ "ಭಯ್ಯಾ, ಠೀಕ್ ಬೋಲೋ" ಎಂದು ತಮ್ಮ ಹಿಂದಿಯಲ್ಲೇ ಚೌಕಾಸಿ ಮಾಡಿ ಸ್ವೆಟರ್ ತಂದರು. ಜನವರಿಯ ಬಿಸಿಲಿಗೆ ಕೆಳಗಿನ ಹುಲ್ಲಿನ ಮೇಲೆ ಮಂಚ ಹಾಕಿಕೊಂಡು ಬಟಾಣಿ ಸುಲಿಯುವ ಚಡ್ಡಾ ಆಂಟಿಯ ಜೊತೆ ತಾವೂ ಕೂತು ಸುಲಿದರು. ಚಡ್ಡಾ ಆಂಟಿ ಪಕ್ಕದ ಮನೆಯಾಕೆ, ಇಡೀ ಬ್ಲಾಕಿನ ಸುದ್ದಿ ಆಕೆಯ ನಾಲಗೆಯ ಮೇಲೆ. ಲೀಲಾ ಎಲ್ಲಿ ಬಾಯಿ ತಪ್ಪುತ್ತಾರೋ ಎಂದು ರತ್ನಪ್ರಭಾ ಬಾಲ್ಕನಿಯಲ್ಲಿ ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಕೊಡವುತ್ತ ನಿಲ್ಲುತ್ತಿದ್ದಳು.

ಶನಿವಾರ ಆ ನಾಲಗೆಯೇ ಸುದ್ದಿ ತಂದಿತು. ಹಿಂದಿನ ಬ್ಲಾಕಿನಲ್ಲಿ ತಪಾಸಣೆಯಾಗಿದೆಯಂತೆ. ಕೋಣೆ ಬಾಡಿಗೆ ಕೊಟ್ಟಿದ್ದವನೊಬ್ಬ ಸಿಕ್ಕಿಬಿದ್ದು, ಸಾಮಾನು ಕಟ್ಟಿಕೊಂಡು ಹೋಗಬೇಕಾಗಿ ಬಂದಿದೆಯಂತೆ. ನಾಳೆಯೋ ನಾಡಿದ್ದೋ ಇತ್ತ ಬರುತ್ತಾರಂತೆ. ಅದನ್ನು ಕೇಳಿದ ಮೇಲೆ ಗ್ಯಾಸಿನವನು ಬೆಲ್ ಒತ್ತಿದರೂ ಏಕನಾಥ ಬೆಚ್ಚಿಬಿದ್ದು ಎದ್ದು ನಿಂತ.

ಸಂಜೆ ಚಹಾ ಕುಡಿಯುವಾಗ ಲೀಲಾ ಕೇಳಿಯೇಬಿಟ್ಟರು. "ಏಕನಾಥ ಅವ್ರೇ, ಅಕ್ಕ ಅಂತ ಹೇಳ್ಕೊಳ್ಳಿ ಅಂದ್ರಿ, ನನಗೆ ತಮಾಷೆ ಅನ್ನಿಸ್ತು, ಒಪ್ಕೊಂಡೆ. ಇದು ಇಷ್ಟು ದೊಡ್ಡ ತಪ್ಪು ಅಂತ ಯಾಕೆ ಹೇಳ್ಲಿಲ್ಲ?"

"ದೊಡ್ಡ ತಪ್ಪೇನಲ್ಲ ಮೇಡಂ. ಇಲ್ಲಿ ಎಷ್ಟೋ ಜನ ಮಾಡ್ತಾರೆ. ನಮ್ಮ ಕೋಣೆ, ನಾವು ಇಕ್ಕಟ್ಟಲ್ಲಿ ಮಲಗ್ತೀವಿ. ಇದರಿಂದ ಯಾರಿಗೇನು ನಷ್ಟ ಹೇಳಿ?"

"ಸಂಬಳ ಎಲ್ಲಿಗೂ ಸಾಲಲ್ಲ ಇವರೇ," ಎಂದಳು ರತ್ನಪ್ರಭಾ. "ನಾವೇನು ಕದೀತಿದೀವಾ? ಬಂದವರಿಗೆ ಬಿಸಿ ಬಿಸಿ ಊಟ ಹಾಕ್ತೀವಿ."

"ನಿಮ್ಮ ಊಟಕ್ಕೆ ಹೆಸರಿಡಲ್ಲಮ್ಮ. ನಷ್ಟ ಯಾರಿಗೋ ನನಗೂ ಗೊತ್ತಿಲ್ಲ. ಆದ್ರೆ ನಿಮ್ಮ ಯಜಮಾನ್ರು ಬಾಗಿಲ ಕಡೆಯಿಂದ ಕಣ್ಣೇ ತೆಗೀತಿಲ್ಲ ನೋಡಿ. ಈ ಊರವರ ಹಾಗೆ ಇರ್ಬೇಕು ಅಂತ ಬಂದೆ. ಈಗ ನಿಮ್ಮ ಹಾಗೆ ಹೆದರೋದನ್ನೂ ಕಲಿತೆ."

ಆಗಲೇ ಹೋಟೆಲಿಗೆ ಹೋಗಿಬಿಡುತ್ತೇನೆಂದು ಲೀಲಾ ಎದ್ದರು. ಏಕನಾಥನೇ ಬೇಡವೆಂದ. ಸುದ್ದಿ ಬಂದ ಸಂಜೆಯೇ ಅಕ್ಕ ಸೂಟ್‌ಕೇಸ್ ಹಿಡಿದು ಹೊರಟರೆ ಚಡ್ಡಾ ಆಂಟಿ ಸುಮ್ಮನಿರುತ್ತಾಳೆಯೇ? ಸೋಮವಾರ ಹೇಗೂ ರೈಲು. ಒಂದು ದಿನ ಕಳೆದರಾಯಿತು.

ಆ ಒಂದು ದಿನ ಕಳೆಯಲಿಲ್ಲ. ಭಾನುವಾರ ಹನ್ನೊಂದು ಗಂಟೆಗೆ ಬೆಲ್ ಆಯಿತು. ಬಾಗಿಲಲ್ಲಿ ನರೆತ ಮೀಸೆಯ, ಮಫ್ಲರ್ ಸುತ್ತಿಕೊಂಡ ಒಬ್ಬರು ರಿಜಿಸ್ಟರ್ ಹಿಡಿದು ನಿಂತಿದ್ದರು. ಮಾಥುರ್ ಎಂದು ಹೆಸರು ಹೇಳಿ, ತಪಾಸಣೆಗೆ ಬಂದಿರುವುದಾಗಿ ತಿಳಿಸಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಒರಟು ಮನುಷ್ಯನಲ್ಲ. ಅದೇ ಏಕನಾಥನನ್ನು ಇನ್ನಷ್ಟು ಹೆದರಿಸಿತು. ಬೈಯುವವರಾದರೆ ಕಾಲಿಗೆ ಬೀಳಬಹುದು, ಇಷ್ಟು ಸಾವಧಾನವಾಗಿ ರೇಷನ್ ಕಾರ್ಡು, ಗುರುತಿನ ಕಾರ್ಡುಗಳನ್ನು ಒಂದೊಂದಾಗಿ ನೋಡುವವರನ್ನು ಏನು ಮಾಡುವುದು?

"ಕಾರ್ಡಲ್ಲಿ ಮೂರು ಜನ. ಈ ಮಾತಾಜಿ ಯಾರು?" ಮಾಥುರ್ ಹಿಂದಿಯಲ್ಲಿ ಕೇಳಿದರು.

"ನನ್ನ ಹೆಂಡತಿಯ ಅಕ್ಕ, ಸಾಬ್. ಊರಿಂದ ಬಂದಿದ್ದಾರೆ." ಅವನ ದನಿ ಅವನಿಗೇ ಬೇರೆ ಯಾರದೋ ದನಿಯಂತೆ ಕೇಳಿಸಿತು.

"ಅಚ್ಛಾ. ಸ್ವಂತ ಅಕ್ಕನಾ?"

"ಜೀ."

ಮಾಥುರ್ ಲೀಲಾ ಕಡೆ ತಿರುಗಿ ನಮಸ್ಕರಿಸಿದರು. "ಬೇಜಾರು ಮಾಡ್ಕೋಬೇಡಿ ಬೆಹೆನ್‌ಜೀ, ಎಲ್ಲರನ್ನೂ ಕೇಳ್ತೀನಿ. ನಿಮ್ಮ ತಂದೆಯವರ ಹೆಸರು?" ರತ್ನಪ್ರಭಾ ಬಾಯಿ ತೆರೆಯುವಷ್ಟರಲ್ಲಿ ಅವರು ಅಂಗೈ ಎತ್ತಿ ತಡೆದರು. "ನೀವಲ್ಲ. ಅವರು ಹೇಳಲಿ."

ಲೀಲಾಗೆ ಎಲ್ಲವನ್ನೂ ಹೇಳಿಕೊಟ್ಟಿದ್ದರು. ರತ್ನಪ್ರಭಾಳ ತಂದೆಯ ಹೆಸರೊಂದನ್ನು ಬಿಟ್ಟು. ಅಕ್ಕನನ್ನು ಕರೆತಂದಿದ್ದವರು ಅಕ್ಕನಿಗೊಬ್ಬ ಅಪ್ಪನನ್ನು ಕೊಡುವುದನ್ನೇ ಮರೆತಿದ್ದರು. ಲೀಲಾ ತುಟಿ ಒದ್ದೆ ಮಾಡಿಕೊಂಡು ನೆಲ ನೋಡಿದರು. ಮಾಥುರ್ ಕಾಯುತ್ತಿದ್ದರು. ಹದಿನಾಲ್ಕು ವರ್ಷ ಕಾದು ಪಡೆದ ಮನೆ ಕಾಲಕೆಳಗಿಂದ ಸರಿಯುತ್ತಿರುವುದು ಏಕನಾಥನಿಗೆ ಗೊತ್ತಾಯಿತು.

ಆಗ ಅಮೂಲ್ಯ ಬಿಕ್ಕಿದಳು. ಓಡಿಬಂದು ಲೀಲಾರ ಸೊಂಟ ತಬ್ಬಿಕೊಂಡಳು. "ಅಂಕಲ್, ಮತ್ ಪೂಛಿಯೇ ನಾ! ನಾನಾಜೀ ಹೋದ ವಾರ ತೀರಿಕೊಂಡರು. ಅವರ ಹೆಸರು ಎತ್ತಿದ್ರೆ ದೊಡ್ಡಮ್ಮನಿಗೆ ಅಳು ಬರುತ್ತೆ, ಅವರು ಏನೂ ತಿಂತಿಲ್ಲ. ಅದಕ್ಕೇ ಅಮ್ಮ ಇಲ್ಲಿಗೆ ಕರೆಸಿಕೊಂಡಿದ್ದಾರೆ." ಹಿಂದಿಯಲ್ಲಿ ಇಷ್ಟನ್ನು ಹೇಳುವಷ್ಟರಲ್ಲಿ ಅವಳ ಕೆನ್ನೆಯೆಲ್ಲ ಒದ್ದೆ. ಲೀಲಾ ನಿಜವಾಗಿಯೂ ದಿಗ್ಭ್ರಮೆಯಿಂದ ಕಣ್ಣು ಮುಚ್ಚಿಕೊಂಡರು. ಅದೂ ದುಃಖದಂತೆಯೇ ಕಂಡಿತು.

ಮಾಥುರರ ಮುಖ ಸಣ್ಣದಾಯಿತು. ರಿಜಿಸ್ಟರ್ ಮುಚ್ಚಿದರು. "ಮಾಫ್ ಕೀಜಿಯೇ" ಎಂದು ಲೀಲಾರಿಗೆ ಕೈಮುಗಿದರು. ಹುಡುಗಿಯ ತಲೆಯ ಮೇಲೆ ಕೈಯಿಟ್ಟು, "ಅಳಬಾರದು ಬೇಟಾ, ನಾನಾಜಿ ಮೇಲಿಂದ ನೋಡ್ತಿರ್ತಾರೆ" ಎಂದರು. ಒಂದು ಲೋಟ ನೀರನ್ನೂ ಕೇಳದೆ ಮೆಟ್ಟಿಲಿಳಿದು ಹೋದರು.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸಂತೆ. ಬಾಗಿಲು ಮುಚ್ಚಿದ್ದೇ ಏಕನಾಥ ಕುರ್ಚಿಯ ಮೇಲೆ ಕುಸಿದು ನಕ್ಕ. ಆದರೆ ರತ್ನಪ್ರಭಾ ಗೋಡೆಗೆ ಒರಗಿ ನಿಂತಿದ್ದಳು. ಅಮೂಲ್ಯ ಹೇಳಿದ ಆ ನಾನಾಜೀ, ಅವಳ ತಂದೆ ಬಸವಲಿಂಗಪ್ಪನವರು, ತಿಪಟೂರಿನಲ್ಲಿ ಗಟ್ಟಿಮುಟ್ಟಾಗಿದ್ದರು. ದೀಪಾವಳಿಗೆ ಬಂದಾಗ ಇದೇ ಕಾಲೊನಿಯ ರಸ್ತೆಯಲ್ಲಿ ಸೈಕಲ್ಲಿನ ಹಿಂದೆ ಓಡಿ ಓಡಿ ಮೊಮ್ಮಗಳಿಗೆ ಸೈಕಲ್ ಕಲಿಸಿ ಹೋಗಿದ್ದರು.

"ಬಿಡ್ತು ಅನ್ನು," ಎಂದಳು ರತ್ನಪ್ರಭಾ. ಅಪಶಕುನದ ಮಾತು ಬಾಯಿಂದ ಬಿದ್ದ ಗಳಿಗೆಯಲ್ಲೇ ಹೇಳಿಸಬೇಕಾದದ್ದು, ಪರರೆದುರು ಬಾಯಿ ಕಟ್ಟಿಹೋಗಿತ್ತು. "ಅಮ್ಮೂ, ಬಿಡ್ತು ಅನ್ನು ಮೊದಲು!"

"ಕ್ಯೋಂ?" ಅಮೂಲ್ಯ ಅಂಗಿಯ ತೋಳಿನಿಂದ ಕೆನ್ನೆ ಒರೆಸಿಕೊಂಡಳು. ಅಳು ಎಂದೋ ನಿಂತುಹೋಗಿತ್ತು. "ಕಾಮ್ ಹೋ ಗಯಾ ನಾ? ಪಪ್ಪಾ, ಚೆನ್ನಾಗಿ ಮಾಡಿದ್ನಲ್ಲ? ಕಣ್ಣು ಮಿಟುಕಿಸ್ದೆ ನೋಡ್ತಾ ಇದ್ರೆ ನೀರು ತಾನಾಗೇ ಬರತ್ತೆ." ಅವಳು ಸ್ವಲ್ಪ ಯೋಚಿಸಿದಳು. "ಮುಂದಿನ ಸಲ ಅಜ್ಜಿ ಸತ್ತೋದ್ರು ಅಂತೀನಿ. ಅಜ್ಜ ಎರಡು ಸಲ ಸಾಯೋಕಾಗಲ್ಲ ಅಲ್ವಾ?"

ಏಕನಾಥನ ನಗು ನಿಂತಿತು. ಮೂರು ದಿನದಿಂದ ಅವನು ಬಾಗಿಲಿಗೆ ಹೆದರಿದ್ದ, ಬೆಲ್ಲಿಗೆ ಹೆದರಿದ್ದ, ಚಡ್ಡಾ ಆಂಟಿಯ ಬಾಯಿಗೆ ಹೆದರಿದ್ದ. ಈಗ ತನ್ನೆದುರು ನಿಂತು ಹೊಗಳಿಕೆಗೆ ಕಾಯುತ್ತಿದ್ದ ಮಗಳ ಮುಖ ನೋಡಿ ಆದ ಹೆದರಿಕೆಯ ಮುಂದೆ ಅದೆಲ್ಲ ಏನೂ ಅಲ್ಲ. ನಾಳೆ ಇವಳು ಹೊಟ್ಟೆನೋವೆಂದು ಅತ್ತರೆ ನಂಬುವುದೋ ಬಿಡುವುದೋ? ಶಾಲೆಯಲ್ಲಿ ಯಾರೋ ಹೊಡೆದರೆಂದು ಬಂದು ಹೇಳಿದರೆ? ಇನ್ನು ಹತ್ತು ವರ್ಷಕ್ಕೆ ಇವಳು ಯಾರ ಮುಂದೆ ಏನು ಹೇಳುತ್ತಾಳೋ, ತನಗೆ ತಿಳಿಯುವುದು ಹೇಗೆ? ಇದನ್ನು ಕಲಿಸಿದವರು ಹೊರಗಿನವರಲ್ಲ. ಬೂಟು ಹಾಕಿಕೊಳ್ಳುವಾಗ ದಿನವೂ ಪಾಠ ಒಪ್ಪಿಸಿಕೊಂಡವರು ತಾವೇ.

ಅವನು ಎದ್ದ. "ಚಪ್ಪಲಿ ಹಾಕ್ಕೋ ಅಮ್ಮು."

"ರೀ, ಎಲ್ಲಿಗೆ?" ರತ್ನಪ್ರಭಾಳಿಗೆ ಅರ್ಥವಾಗಿತ್ತು. "ಬೇಡ. ಗೋಪಿನಾಥನಿಗೆ ಇನ್ನು ಯಾರನ್ನೂ ಕಳಿಸ್ಬೇಡ ಅನ್ನೋಣ. ಅಲ್ಲಿಗೆ ಮುಗೀತು. ಅವರು ನಂಬಿ ಹೋಗಿದ್ದಾರೆ, ಈಗ ಹೋಗಿ ಹೇಳಿದ್ರೆ ನಮಗೇನು ಸಿಗತ್ತೆ? ಮನೆ ಹೋಗತ್ತೆ ರೀ!"

"ಏನೂ ಸಿಗಲ್ಲ, ಗೊತ್ತು. ಆದ್ರೆ ಇವಳ ಕಣ್ಣಮುಂದೆ ಅವರು ನಂಬಿ ಹೋದ್ರಲ್ಲ ರತ್ನಾ. ಅದನ್ನ ಇವಳು ಮರೀತಾಳಾ?"

ರತ್ನಪ್ರಭಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಲೀಲಾ ಶಾಲು ಹೊದ್ದು ಎದ್ದರು. "ನಾನೂ ಬರ್ತೀನಿ. ಸುಳ್ಳಿಗೆ ನಾನೂ ತಲೆ ಆಡಿಸಿದೀನಿ."

ಮೆಟ್ಟಿಲಿಳಿಯುವಾಗ ಏಕನಾಥ ಮುಂದಿದ್ದ, ಲೀಲಾ ಹಿಂದೆ. ಅಮೂಲ್ಯ ಅವನ ಕೈ ಹಿಡಿದಿದ್ದಳು. "ಪಪ್ಪಾ, ನಿಮ್ಮ ಕೈ ತಣ್ಣಗಿದೆ. ಡರ್ ಲಗ್ ರಹಾ ಹೈ?"

"ಹೂಂ ಕಣಮ್ಮ. ತುಂಬಾ ಹೆದರಿಕೆ ಆಗ್ತಿದೆ."

ಮಾಥುರ್ ಎದುರಿನ ಬ್ಲಾಕಿನ ಮೆಟ್ಟಿಲ ಬಳಿ ನಿಂತು ಯಾರದೋ ಕಾರ್ಡು ನೋಡುತ್ತಿದ್ದರು. ಬಿಸಿಲಿಗೆ ಕೂತಿದ್ದ ಚಡ್ಡಾ ಆಂಟಿ ಬಟಾಣಿ ಸುಲಿಯುವುದನ್ನು ನಿಲ್ಲಿಸಿ ಇವರತ್ತಲೇ ನೋಡಿದಳು. ಹಿಂತಿರುಗಲು ಇನ್ನೂ ಹೊತ್ತಿತ್ತು. ಏಕನಾಥನಿಗೆ ಅದೂ ಹೊಳೆಯದೆ ಇರಲಿಲ್ಲ. ಅವನು ಹುಲ್ಲು ದಾಟಿ ಅವರ ಮುಂದೆ ಹೋಗಿ ನಿಂತ.

"ಸಾಬ್," ಎಂದ. ಮಾಥುರ್ ಕಾರ್ಡಿನಿಂದ ತಲೆ ಎತ್ತಿದರು. "ಸಾಬ್, ನನ್ನ ಮಾವನವರು ಬದುಕಿದ್ದಾರೆ."

ಮಾಥುರರಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಅವರು ಹುಡುಗಿಯನ್ನು ನೋಡಿದರು. ಅಮೂಲ್ಯ ಅಪ್ಪನ ಬೆನ್ನ ಹಿಂದೆ ಸರಿದು ಅವನ ಸ್ವೆಟರಿನಲ್ಲಿ ಮುಖ ಹುದುಗಿಸಿಕೊಂಡಳು.

"ಇವರು ನಮ್ಮ ನೆಂಟರಲ್ಲ, ಬಾಡಿಗೆಗೆ ಬಂದವರು," ಎಂದ ಏಕನಾಥ. "ಬರ್ಕೊಳ್ಳಿ."