ಪ್ರೇಮಾನಂದನ ಸಾಕ್ಷಿ, ಗುಲಾಬಿಯ ಹಣೆ

ಪ್ರೇಮಾನಂದ ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಹೇಳುತ್ತಾನೆಂದರೆ ಕುಂದಾಪುರದ ಸಭೆಯವರು ಮಾತ್ರವಲ್ಲ, ಯೇಸುವಿಗೂ ತಮಗೂ ಸಂಬಂಧವೇ ಇಲ್ಲವೆನ್ನುವವರೂ ಬೇಲಿಯಾಚೆ ಬಂದು ನಿಲ್ಲುತ್ತಿದ್ದರು. ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲಸುವ ಈ ಮನುಷ್ಯ, ತಾನು ಗಡಂಗಿನಲ್ಲಿ ಕೂತು ಕಳ್ಳು ಕುಡಿದು ಏಡಿಸಾರು ಹೀರಿದ ಪಾಪವನ್ನು ವರ್ಣಿಸುವ ಚಂದಕ್ಕೆ, ದೇವರು ಬಂದು ಅವನನ್ನು ಅಲ್ಲಿಂದ ಎಬ್ಬಿಸುವಷ್ಟರಲ್ಲಿ ಅರ್ಧ ಗಂಡಸರ ಬಾಯಲ್ಲಿ ನೀರೂರಿರುತ್ತಿತ್ತು. ಕೂಟ ಮುಗಿದದ್ದೇ ಕೆಲವರು ನೆಟ್ಟಗೆ ಗಡಂಗಿಗೆ ಹೋಗುತ್ತಿದ್ದರಂತೆ. ಕೂಟ ನಡೆಸುವ ಉಪದೇಶಿಗಳು ಆ ಸುದ್ದಿಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಳ್ಳಿನ ನಂತರ ಹೆಂಡತಿಗೆ ಹೊಡೆದ ಕಥೆ. ಆ ಹೆಂಡತಿ ಗುಲಾಬಿ ಹೆಂಗಸರ ಚಾಪೆಯಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದಳು. ಊರಿನ ಕೂಟದಲ್ಲಿ ಸೌಟಿನಿಂದ ಬಿದ್ದ ಪೆಟ್ಟು ಶಿರೂರಿನ ಕೂಟಕ್ಕೆ ಹೋಗುವಾಗ ಒನಕೆಯದಾಯಿತು. ಒನಕೆಯಲ್ಲಿ ಹೊಡೆದಿದ್ದರೆ ಇವರಿಗಿಂತ ಮೊದಲು ತಾನೇ ಯೇಸುವನ್ನು ಕಾಣುತ್ತಿದ್ದೆ ಎಂದುಕೊಳ್ಳುವಳು ಗುಲಾಬಿ. ಸಾಕ್ಷಿಯ ಕೊನೆಗೆ ಅವನು ಅವಳತ್ತ ಕೈ ತೋರಿಸಿದರೆ ಸಾಕು, ಅವಳು ಸೆರಗು ಸರಿಸಿ ಹಣೆಯ ಕಲೆ ತೋರಿಸಬೇಕು. ಕಾಫಿ ಹೊತ್ತಿಗೆ ಹೆಂಗಸರು ಸುತ್ತ ಮುತ್ತುವರು. ಕೊಕ್ಕರ್ಣೆಯ ಜಲಜ ಎಂಬವಳಂತೂ ಹಲಸು ಹಣ್ಣಾಗಿದೆಯೋ ಎಂದು ನೋಡುವ ಹಾಗೆ ಒತ್ತಿ ನೋಡಿದ್ದಳು.

ಕುಡಿತ ಬಿಟ್ಟದ್ದು ಸುಳ್ಳಲ್ಲ. ಆಮೇಲೆ ಅವನು ಕೈ ಎತ್ತಿದ್ದೂ ಇಲ್ಲ. ಅದಕ್ಕಾಗಿ ಗುಲಾಬಿ ದಿನಾ ದೇವರಿಗೆ ಸ್ತೋತ್ರ ಹೇಳುತ್ತಿದ್ದಳು, ಮನಸ್ಸಿಟ್ಟೇ ಹೇಳುತ್ತಿದ್ದಳು. ಆದರೆ ಊರೂರಿನಲ್ಲಿ ಕ್ಷಮೆ ಬೇಡಿದ ಗಂಡ ತನ್ನನ್ನು ಮಾತ್ರ ಕೇಳಿಲ್ಲವೆಂಬುದು ಅವಳನ್ನು ಸುಡುತ್ತಿತ್ತು. ಒಮ್ಮೆ ಬಾಯಿಬಿಟ್ಟು ಕೇಳಿಯೂ ಕೇಳಿದಳು.

"ದೇವ್ರೇ ಕ್ಷಮ್ಸಿ ಆಯ್ತಲೆ, ಇನ್ನೆಂತ?" ಎಂದು ಅವನು ಮಗ್ಗುಲಾದ.

ಸಾಸ್ತಾನದ ಕೂಟಕ್ಕೆ ಮಂಗಳೂರಿನಿಂದ ದೊಡ್ಡ ಪಾದ್ರಿ ಅಯ್ಯನವರೊಬ್ಬರು ಬಂದಿದ್ದರು. ಪ್ರೇಮಾನಂದನಿಗೆ ಹುರುಪು ಬಂತು. ಏಡಿಸಾರಿಗೆ ಮಸಾಲೆ ಹೆಚ್ಚಾಯಿತು, ಒನಕೆ ಹೋಗಿ ಕತ್ತಿ ಬಂತು. ಅಯ್ಯನವರು ಕಣ್ಣೊರೆಸಿಕೊಂಡರು. ಪ್ರೇಮಾನಂದ ಹೆಂಗಸರ ಕಡೆ ಕೈ ಮಾಡಿದ.

ಗುಲಾಬಿ ಎದ್ದು ನಿಂತಳು. ಸೆರಗು ಸರಿಸಲಿಲ್ಲ. ತನಗೂ ಸಾಕ್ಷಿ ಹೇಳುವುದಿದೆ ಎಂದಳು. ಅಯ್ಯನವರು ಸಂತೋಷದಿಂದ ತಲೆಯಾಡಿಸಿದರು, ಪಾಪ, ಅವರಿಗೇನು ಗೊತ್ತು.

"ಈ ಕಲೆ ಇವ್ರ್ ಹೊಡದ್ದಲ್ಲ. ಸಣ್ಣಕಿಪ್ಪಾಗ ನಾನ್ ಬಾವಿಕಟ್ಟೆ ಮೇಲ್ ಬಿದ್ದದ್. ಇವ್ರ್ ಮಾಡದ್ದ್ ಬೇರೆ. ನನ್ ಹೆತ್ತಬ್ಬಿ ನನ್ನ ಕಾಂಬುಕೆ ನಡ್ಕಂಡ್ ಬಂದಿತ್ತ್, ಉಂಬುಕೆ ಕೂತಿತ್ತ್. ಇವ್ರ್ ಕುಡ್ಕಂಡ್ ಬಂದ್ ಉಂಬು ಬಟ್ಲ್ ಕಾಲಂಗ್ ಒದ್ರ್. ಅಬ್ಬಿ ಚೆಲ್ಲದ್ ಅನ್ನ ಎಲ್ಲ ಹೆಕ್ಕಿಟ್, ಉಣ್ದೆ ಹೋಯ್ತ್. ಮತ್ತ್ ಬರ್ಲಿಲ್ಲ. ಅದೇ ವರ್ಷ ತೀರ್ಕಂಡ್ತ್. ಇದನ್ನ ಇವ್ರ್ ಯಾವ ಊರಂಗೂ ಹೇಳ್ಲಿಲ್ಲ. ದೇವ್ರ್ ಕ್ಷಮ್ಸಿರ್ಲಕ್ಕ್. ನನ್ನತ್ರ ಇನ್ನೂ ಕೇಣ್ಲಿಲ್ಲ."

ಉಪದೇಶಿಗಳು ತಡಬಡಿಸಿ ಒಂದು ಕೀರ್ತನೆ ಎತ್ತಿದರು, ಯಾರೂ ಸೇರದೆ ಎರಡನೇ ಸಾಲಿಗೇ ಅದು ಕೂತಿತು. ಪ್ರೇಮಾನಂದನ ಮುಖ ಹಸಿ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ಅವನು ಅದನ್ನು ಮರೆತಿರಲಿಲ್ಲವೆಂದು ಗುಲಾಬಿಗೆ ಆಗಲೇ ತಿಳಿದದ್ದು, ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಅವನು ಗಂಡಸರ ಚಾಪೆ ದಾಟಿ ಹೆಂಗಸರ ನಡುವೆ ಬಂದ. ಅವಳೆದುರು ನಿಂತು ಕೈ ಮುಗಿದ. ಅವಳೊಬ್ಬಳಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ, "ತಪ್ಪಾಯ್ತ್, ಗುಲಾಬಿ," ಎಂದ.

ಗುಲಾಬಿಯ ಕಣ್ಣು ತುಂಬಿ ಬಂತು. ಆದರೂ ಬಿಡಲಿಲ್ಲ.

"ಎಲ್ಲರಿಗೂ ಕೇಂಬ ಹಾಂಗ್ ಹೇಳಿ," ಎಂದಳು.