ಮನೆಗೆ ಎರಡು ಮಾತ್ರೆ

ಐದು ವರ್ಷಗಳಿಂದ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದ ಗಿರಾಕಿಯ ಮುಖವನ್ನು ಅಂದು ಔಷಧದಂಗಡಿಯವನಿಗೆ ನೋಡಲಾಗಲಿಲ್ಲ. ಗಾಜಿನ ಮೇಲೆ ಇಲ್ಲದ ಧೂಳನ್ನು ಒರೆಸುತ್ತ ಅವನು ಹೇಳಿದ:

"ಇಲ್ಲ ಟೈಲರಕ್ಕ. ಒಂದೂ ಇಲ್ಲ."

"ಇಲ್ಲ ಅಂದ್ರೆ? ಹತ್ತು ಸ್ಟ್ರಿಪ್ ಬಂದಿದೆ, ಸೋಮವಾರ ಬನ್ನಿ ಅಂತ ನೀವೇ ಫೋನ್ ಮಾಡಿದ್ರಲ್ಲ!"

"ಬಂದಿತ್ತು. ನಿನ್ನೆ ನಿಮ್ಮ ಬಿಲ್ಡಿಂಗಿನವರೇ ಬಂದು ನೂರಕ್ಕೆ ನೂರೂ ಎತ್ಕೊಂಡು ಹೋದ್ರು."

"ಡಾಕ್ಟರ ಚೀಟಿ ಇಲ್ದೆ ಕೊಟ್ರಾ?"

"ಅಂಗಡಿ ಮುಂದೆ ಮೂವತ್ತು ಜನ ನಿಂತಿದ್ರು ಅಕ್ಕ. ಗಾಜು ಒಡೀತಾರೇನೋ ಅನ್ನಿಸ್ತು. ನಿಮ್ಮ ಮನೆಗೂ ಪಾಲು ಕೊಡ್ತೀವಿ ಅಂದ್ರು. ನಾನೂ ಹೆಂಡತಿ ಮಕ್ಕಳೊಂದಿಗನಲ್ವಾ?"

ಊರಿಗೆ ಹೊಸ ರೋಗ ಕಾಲಿಟ್ಟು ಅಂದಿಗೆ ಒಂಬತ್ತು ದಿನ. ಏಳು ಮಂದಿಗೆ ತಗುಲಿತ್ತು, ಒಬ್ಬರು ತೀರಿಕೊಂಡಿದ್ದರು. ಅದಕ್ಕೆ ಮದ್ದಿಲ್ಲವೆಂದು ವೈದ್ಯರು ಪ್ರಾಮಾಣಿಕವಾಗಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾರೋ ಒಬ್ಬ ಅನಾಮಧೇಯನು, ಒಂದು ಅಗ್ಗದ ಹಳದಿ ಮಾತ್ರೆಯನ್ನು ಒಂದೇ ದಿನ ಎರಡು ನುಂಗಿದರೆ ಈ ರೋಗ ಹತ್ತಿರ ಸುಳಿಯದೆಂದು ಫೋನಿಗೆ ಕಳಿಸಿದ ನಾಲ್ಕು ಸಾಲುಗಳನ್ನು ಮಾತ್ರ ವಿದ್ಯಾವಂತರೆನಿಸಿಕೊಂಡವರೆಲ್ಲ ಕಣ್ಣಿಗೊತ್ತಿಕೊಂಡರು. ಆ ಮಾತ್ರೆಯಿಂದಲೇ ಬದುಕಿರುವವರು ಇದ್ದಾರೆಂಬುದು ಅವರಲ್ಲಿ ಹೆಚ್ಚಿನವರಿಗೆ ಹೊಳೆಯಲಿಲ್ಲ, ಹೊಳೆದವರು ಸುಮ್ಮನಿದ್ದರು.

ಹಾಗೆ ಬದುಕಿದ್ದವಳು ಟೈಲರಕ್ಕನ ತಂಗಿ. ಗ್ರಂಥಾಲಯವೊಂದರಲ್ಲಿ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ, ಅಂಟು ಬಳಿದು, ರಟ್ಟು ಕಟ್ಟುವುದು ಅವಳ ಕೆಲಸ. ದೇಹವನ್ನು ಕಾಯಬೇಕಾದ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ ಅವಳದು. ಐದು ವರ್ಷಗಳ ಹಿಂದೆ ಅದು ಮೂತ್ರಪಿಂಡಕ್ಕೆ ಬಾಯಿ ಹಾಕಿದಾಗ, ದಿನಕ್ಕೆರಡು ಹಳದಿ ಮಾತ್ರೆ ಅದನ್ನು ಕಟ್ಟಿಹಾಕಿತ್ತು. ಬಿಟ್ಟರೆ ಮತ್ತೆ ಏಳುತ್ತದೆಂದು ವೈದ್ಯರು ಅಂದೇ ಎಚ್ಚರಿಸಿದ್ದರು. ಈಗ ಮನೆಯಲ್ಲಿ ಉಳಿದಿದ್ದವು ಹತ್ತು ಮಾತ್ರೆಗಳು, ಎಂದರೆ ಐದು ದಿನ.

ಟೈಲರಕ್ಕ ಇನ್ನೂ ನಾಲ್ಕು ಅಂಗಡಿ ಸುತ್ತಿ ಬರಿಗೈಯಲ್ಲಿ ಮನೆಗೆ ಬಂದಾಗ, ಬಾಗಿಲ ಸಂದಿಯಲ್ಲಿ ಒಂದು ಬಿಳಿಯ ಲಕೋಟೆ ಸಿಕ್ಕಿಸಿತ್ತು. ಮೇಲೆ ದುಂಡಗಿನ ಅಕ್ಷರಗಳಲ್ಲಿ 'ಮನೆ ಸಂಖ್ಯೆ ಮೂರು' ಎಂದು ಬರೆದಿತ್ತು. ಒಳಗೆ ಎರಡು ಮಾತ್ರೆ.

ಅಕ್ಷರ ಕಟ್ಟಡದ ಸಂಘದ ಕಾರ್ಯದರ್ಶಿಯವರದು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದ ಅವರನ್ನು ನಲವತ್ತೆಂಟು ಮನೆಗಳ ಆ ಕಟ್ಟಡದಲ್ಲಿ ಎಲ್ಲರೂ ಹಿಂದಿನಿಂದ 'ತಕ್ಕಡಿ ಸಾಹೇಬರು' ಎನ್ನುತ್ತಿದ್ದರು. ಲಂಚಕ್ಕೆ ಕೈಯೊಡ್ಡಿದವರಲ್ಲ, ಯಾರಿಗೂ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಿದವರಲ್ಲ. ಆ ಮಾತ್ರೆಗಳನ್ನೂ ಅವರು ಹಾಗೆಯೇ ಹಂಚಿದ್ದರು: ಮನೆಗೆ ಎರಡರಂತೆ ತೊಂಬತ್ತಾರು, ಮಿಕ್ಕ ನಾಲ್ಕು ಸಂಘದ ಕಪಾಟಿನಲ್ಲಿ.

"ಸಾಹೇಬ್ರೇ, ನನ್ನ ತಂಗಿಗೆ ದಿನಕ್ಕೇ ಎರಡು ಬೇಕು," ಎಂದಳು ಟೈಲರಕ್ಕ, ಅವರ ಬಾಗಿಲಲ್ಲಿ ಆರಡಿ ದೂರ ನಿಂತು.

"ಗೊತ್ತಮ್ಮ. ಆದ್ರೆ ಮೂರನೇ ನಂಬರಿಗೆ ಜಾಸ್ತಿ ಕೊಟ್ರೆ ನಾಳೆ ಮೂವತ್ತನೇ ನಂಬರಿನವರು ಕೇಳಲ್ವಾ? ನನಗೆ ಎಲ್ಲರೂ ಒಂದೇ."

"ಆ ನಾಲ್ಕನ್ನಾದ್ರೂ ಕೊಡಿ."

"ಅದು ತುರ್ತಿಗೆ ಅಂತ ಇಟ್ಟಿರೋದು."

"ಇದು ತುರ್ತಲ್ವಾ?"

"ತುರ್ತು ಅಂದ್ರೆ ಈ ರೋಗದ ತುರ್ತು. ನಿಮ್ಮದು ಹಳೇದು."

ಹಸಿದವನಿಗೂ ಉಂಡು ತೇಗಿದವನಿಗೂ ಒಂದೇ ಅಳತೆಯ ತುತ್ತಿಡುವುದು ನ್ಯಾಯವಲ್ಲ, ನ್ಯಾಯದ ವೇಷ. ಲಂಚಕೋರನಿಗಾದರೆ ಒಳಗೊಳಗೇ ಅಳುಕಿರುತ್ತದೆ. ಇಂಥವರಿಗೆ ಅದೂ ಇಲ್ಲ. ತಾವು ಸರಿಯೆಂದು ಅವರು ಮನಸಾರೆ ನಂಬಿರುತ್ತಾರೆ.

ಆದರೂ ಅವರು ಸಂಜೆ ಸಭೆ ಕರೆದರು. ಕಟ್ಟಡದ ನಾಲ್ಕೂ ಮಗ್ಗುಲ ಬಾಲ್ಕನಿಗಳು ನಡುವಿನ ಅಂಗಳಕ್ಕೆ ಮುಖ ಮಾಡಿದ್ದರಿಂದ ಯಾರೂ ಕೆಳಗಿಳಿಯಬೇಕಾಗಿರಲಿಲ್ಲ. ಅಂಗಳದಲ್ಲಿ ನಿಂತಿದ್ದವಳು ಟೈಲರಕ್ಕ ಒಬ್ಬಳೇ. ಇಪ್ಪತ್ತು ವರ್ಷಗಳಿಂದ ಆ ಜನರ ಸೊಂಟ, ತೋಳು, ಕತ್ತಿನ ಅಳತೆಗಳನ್ನು ಬಾಯಿಪಾಠ ಇಟ್ಟುಕೊಂಡಿದ್ದವಳು. ಪರದೆಯ ಬಟ್ಟೆಯಲ್ಲಿ ಮುಖಗವಸು ಹೊಲಿದು ಮನೆಮನೆಗೂ ಆಕೆಯೇ ಕೊಟ್ಟಿದ್ದಳು. ಈಗ ಕತ್ತೆತ್ತಿ ನೋಡಿದರೆ ಸುತ್ತಲೂ ಅದೇ ನೀಲಿ ಹೂವಿನ ಬಟ್ಟೆ. ಮೇಲೆ ಬರೀ ಕಣ್ಣುಗಳು.

ಅವಳು ಕಾಯಿಲೆಯ ಹೆಸರು ಹೇಳಿದಳು, ಅದು ಅಂಟುವಂಥದಲ್ಲವೆಂದಳು, ಮಾತ್ರೆ ತಪ್ಪಿದರೆ ಏನಾಗುತ್ತದೆಂದಳು.

"ನಮ್ಮನೇಲಿ ಚಿಕ್ಕ ಮಕ್ಕಳಿದ್ದಾರೆ ಟೈಲರಕ್ಕ," ಎಂದಳು ಎರಡನೆಯ ಮಹಡಿಯ ಹೆಂಗಸು. "ತಾಯಿ ಆದವಳ ಕಷ್ಟ ನಿಮಗೆ ಹೇಗೆ ಗೊತ್ತಾಗ್ಬೇಕು?"

ಮೂರನೆಯ ಮಹಡಿಯ ವಿಮೆ ಏಜೆಂಟನಿಗೆ ಮಾತು ತುದಿನಾಲಿಗೆಯಲ್ಲೇ ಇರುತ್ತಿತ್ತು. "ಒಂದು ಲೆಕ್ಕ ಹೇಳ್ತೀನಿ ಕೇಳಿ. ಇವರ ತಂಗಿ ಐದು ವರ್ಷದಿಂದ ಮಾತ್ರೆ ನುಂಗ್ತಿದ್ದಾಳೆ. ನಾವು ಒಂದಿನಾನೂ ನುಂಗಿಲ್ಲ. ಅನ್ಯಾಯ ಆಗಿರೋದು ಯಾರಿಗೆ?"

ನಗು ಬಾಲ್ಕನಿಯಿಂದ ಬಾಲ್ಕನಿಗೆ ಹಾರಿತು. ಅನೇಕ ದಿನಗಳ ಮೇಲೆ ಆ ಕಟ್ಟಡ ನಕ್ಕಿದ್ದು ಅಂದು.

"ಒತ್ತಾಯ ಇಲ್ಲ," ಎಂದರು ಕಾರ್ಯದರ್ಶಿಗಳು. "ಕೊಡ್ತೀನಿ ಅನ್ನೋರು ಕೈ ಎತ್ತಿ."

ಹದಿನಾಲ್ಕು ಕೈ ಮೇಲೆದ್ದವು. ಅಕ್ಕಪಕ್ಕ ನೋಡಿಕೊಂಡು ಮೂರು ಕೆಳಗಿಳಿದವು.

ಮರುದಿನ ಬೆಳಿಗ್ಗೆ ಟೈಲರಕ್ಕ ಒಂದು ಪುಟ್ಟ ಸ್ಟೀಲ್ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದಳು. ಕೈ ಎತ್ತಿದವರ ಮನೆಗಷ್ಟೇ ಅಲ್ಲ, ಎತ್ತದವರ ಮನೆಗೂ ಹೋದಳು. ಮಾನವನ್ನು ಕೆಳಗೇ ಬಿಟ್ಟು ಬಂದವಳಿಗೆ ಯಾವ ಬಾಗಿಲಾದರೇನು? ಮೊದಲ ಮಹಡಿಯಲ್ಲೊಬ್ಬ ಗೃಹಸ್ಥ, "ಅಯ್ಯೋ, ನೆನ್ನೇನೇ ನುಂಗಿಬಿಟ್ವಿ ಟೈಲರಕ್ಕ, ಬಾಯಿ ಕಹಿ ಇನ್ನೂ ಹೋಗಿಲ್ಲ," ಎಂದ. ಅವನ ಹಿಂದೆ, ಗಡಿಯಾರದ ಪಕ್ಕ, ಅಂಟು ಬಿಚ್ಚದ ಬಿಳಿಯ ಲಕೋಟೆ ನಿಂತಿತ್ತು. ಅವಳು ನೋಡಿದ್ದನ್ನು ಅವನೂ ನೋಡಿದ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಇನ್ನೊಬ್ಬಾಕೆ ಬಾಗಿಲ ಸರಪಳಿ ತೆಗೆಯದೆಯೇ ಒಂದು ಮಾತ್ರೆ ಚಾಚಿದಳು: "ಇದು ನನ್ನ ಪಾಲಿಂದು. ಇನ್ನೊಂದು ನಮ್ಮೆಜಮಾನರದ್ದು, ಕೇಳೋಕೆ ಧೈರ್ಯ ಇಲ್ಲ."

ನಾಲ್ಕನೆಯ ಮಹಡಿಯ ಅಜ್ಜಿ ಲಕೋಟೆಯನ್ನೇ ಡಬ್ಬಿಗೆ ಹಾಕಿದಳು. "ಎಂಬತ್ತೆರಡು ವರ್ಷ ಬದುಕಿದ್ದೀನಿ, ಸಾಕು ಕಣೇ. ಆ ಹುಡುಗಿ ನನ್ನ ಹಳೇ ಪುಸ್ತಕಕ್ಕೆಲ್ಲ ರಟ್ಟು ಹಾಕ್ಕೊಟ್ಟಿದ್ದಾಳೆ, ಒಂದು ಕಾಸು ಮುಟ್ಟಲಿಲ್ಲ. ತಗೊಂಡ್ಹೋಗು, ನಮ್ಮವನು ಸ್ನಾನಕ್ಕೆ ಹೋಗಿದ್ದಾನೆ."

ಟೈಲರಕ್ಕ ಎರಡು ಮಹಡಿ ಇಳಿಯುವಷ್ಟರಲ್ಲಿ 'ನಮ್ಮವನು' ಒದ್ದೆ ತಲೆಯಲ್ಲೇ ಓಡಿಬಂದ. ಐವತ್ತು ದಾಟಿದ ಗಂಡಸು, ಕಾಲೇಜಿನಲ್ಲಿ ಪಾಠ ಹೇಳುವವನು.

"ಅಮ್ಮಂಗೆ ವಯಸ್ಸಾಗಿದೆ, ಗೊತ್ತಾಗಲ್ಲ. ವಾಪಸ್ ಕೊಡಿ."

"ಅವರೇ ಮನಸಾರೆ ಕೊಟ್ರು ಸರ್."

"ಅವಳ ಜೀವಕ್ಕೆ ಬೆಲೆ ಇಲ್ವಾ?"

ಅವಳು ಡಬ್ಬಿ ತೆರೆದು ಚಾಚಿದಳು. ಅವನು ತನ್ನ ಲಕೋಟೆಯನ್ನು ಆರಿಸಿ ತೆಗೆದುಕೊಂಡ. ತಾಯಿಯ ಜೀವದ ಬೆಲೆಯ ಮಾತೆತ್ತಿದ ಆ ಪಂಡಿತನು ಎರಡು ಮಾತ್ರೆಗಳನ್ನೂ ಮೆಟ್ಟಿಲ ಮೇಲೆಯೇ, ನೀರಿಲ್ಲದೆ, ತಾನೇ ನುಂಗಿದ. ಟೈಲರಕ್ಕ ನೋಡುತ್ತ ನಿಂತಿದ್ದಳು.

ಸಂಜೆಗೆ ಡಬ್ಬಿಯಲ್ಲಿ ಹದಿನೇಳು ಮಾತ್ರೆ ಕೂಡಿದ್ದವು. ಮನೆಯಲ್ಲಿ ಉಳಿದಿದ್ದ ಎಂಟು, ಲಕೋಟೆಯ ಎರಡು ಸೇರಿ ಇಪ್ಪತ್ತೇಳು.

"ಏನು, ಭಾರಿ ಸಂಪಾದನೆ ಆದ ಹಾಗಿದೆ," ಎಂದಳು ತಂಗಿ. "ನಾಳೆ ಪಕ್ಕದ ಬೀದಿಗೆ ಹೋಗೋಣ, ನಾನು ಹಾಡ್ತೀನಿ, ನೀನು ಡಬ್ಬಿ ಹಿಡಿ."

"ಸುಮ್ನೆ ನುಂಗೇ," ಎಂದು ಅಕ್ಕ ಗದರಿದಳು. ಆಮೇಲೆ ಹೊಲಿಗೆ ಯಂತ್ರಕ್ಕೆ ತಲೆಯಾನಿಸಿ ಅತ್ತಳು. ತಂಗಿ ಮತ್ತೆ ತಮಾಷೆ ಮಾಡಲಿಲ್ಲ.

ಇಪ್ಪತ್ತೇಳು ಮಾತ್ರೆ ಹದಿಮೂರು ದಿನಕ್ಕೆ ಮುಗಿದು ಒಂದು ಉಳಿಯಿತು. ಅಷ್ಟರಲ್ಲಿ ಬಸ್ಸುಗಳು ನಿಂತಿದ್ದವು. ಟೈಲರಕ್ಕ ಕಾಲ್ನಡಿಗೆಯಲ್ಲೇ ಊರಿನ ಔಷಧದಂಗಡಿಗಳನ್ನೆಲ್ಲ ಮುಟ್ಟಿಬಂದಿದ್ದಳು. ಎಲ್ಲಿಯೂ ಆ ಮಾತ್ರೆ ಕಂಡಿರಲಿಲ್ಲ. ಹದಿನಾಲ್ಕನೆಯ ಬೆಳಿಗ್ಗೆ ಆ ಕೊನೆಯದನ್ನು ಕೈಯಲ್ಲಿಟ್ಟುಕೊಂಡು ಅವಳು ಕೂತಿದ್ದಾಗ, ತಂಗಿ ಗುಂಡಿಗಳ ಡಬ್ಬ ತಂದು ಮುಂದಿಟ್ಟಳು. ಗುಂಡಿಗಳ ನಡುವೆ ಕಾಗದದ ಪೊಟ್ಟಣ; ಅದರಲ್ಲಿ ಇಪ್ಪತ್ತಾರು ಅರ್ಧ ಮಾತ್ರೆಗಳು. ರಟ್ಟು ಕತ್ತರಿಸುವ ಚಾಕುವಿನಿಂದ ಅಚ್ಚುಕಟ್ಟಾಗಿ ತುಂಡರಿಸಿದಂಥವು.

"ನೋಡು, ಇನ್ನೂ ಹದಿಮೂರು ದಿನಕ್ಕಾಯ್ತು."

"ದಿನಾ ಅರ್ಧರ್ಧ ನುಂಗಿದ್ಯಾ? ಬುದ್ಧಿ ಇದ್ಯೇನೇ ನಿನಗೆ?"

"ನೀನು ಇನ್ನೊಂದ್ಸಲ ಅವರ ಬಾಗಿಲು ತಟ್ಟೋದು ನನಗೆ ಬೇಡ ಕಣೇ ಅಕ್ಕ."

ಟೈಲರಕ್ಕನ ದೃಷ್ಟಿ ಅವಳ ಕಾಲಿಗೆ ಬಿತ್ತು. ಪಾದಗಳು ಊದಿಕೊಂಡಿದ್ದವು. ಹೆಬ್ಬೆರಳಿನಿಂದ ಒತ್ತಿದಳು, ಒತ್ತಿದಲ್ಲಿ ಬಿದ್ದ ಗುಳಿ ಹಾಗೆಯೇ ನಿಂತಿತು. ಕಣ್ಣಿನ ಕೆಳಗೂ ಬಾವು. ಎಷ್ಟು ದಿನದಿಂದ ಎಂದು ಕೇಳಿದರೆ, "ನಾಲ್ಕು ದಿನ ಆಯ್ತೇನೋ," ಎಂದು ತಂಗಿ ಮುಖ ತಿರುಗಿಸಿದಳು.

ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಒಳಗೆ ರೋಗಿಯನ್ನು ಮಾತ್ರ ಬಿಟ್ಟರು. ಕಿಟಕಿಗೆ ಬಂದ ಯುವ ವೈದ್ಯೆಯ ಕಣ್ಣುಗಳಲ್ಲಿ ನಿದ್ದೆಯಿರಲಿಲ್ಲ.

"ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ. ಬೇರೆ ಔಷಧಿ ಶುರು ಮಾಡಿದ್ದೀವಿ, ಆದ್ರೆ ಆ ಹಳದಿ ಮಾತ್ರೇನೂ ಜೊತೆಗೆ ಹೋಗ್ಲೇಬೇಕು. ನೀವು ತಂದಿರೋ ತುಂಡುಗಳು ಒಂದು ವಾರಕ್ಕಷ್ಟೇ, ಇನ್ನಷ್ಟು ಎಲ್ಲಿಂದಾದ್ರೂ ತನ್ನಿ."

"ನಿಮ್ಮಲ್ಲೇ ಇಲ್ವಾ ಡಾಕ್ಟ್ರೇ?"

ವೈದ್ಯೆ ತಲೆ ತಗ್ಗಿಸಿದಳು. "ಸ್ಟೋರಲ್ಲಿತ್ತು. ಇಲ್ಲಿನವರೇ ಮನೆಗೆ ಒಯ್ದುಬಿಟ್ರು."

ಟೈಲರಕ್ಕ ಕಟ್ಟಡಕ್ಕೆ ಹಿಂತಿರುಗುವ ಹೊತ್ತಿಗೆ ಸಂಜೆ ಐದು. ಅಂಗಳದಲ್ಲಿ ಕಾರ್ಯದರ್ಶಿಗಳು ಒಂದು ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದರು. ಬಾಲ್ಕನಿಗಳೆಲ್ಲ ತುಂಬಿದ್ದವು.

ಅವಳಿಲ್ಲದ ಹೊತ್ತಿನಲ್ಲಿ ಸುದ್ದಿ ಬಂದಿತ್ತು. ಆ ಮಾತ್ರೆ ಹೊಸ ರೋಗವನ್ನು ತಡೆಯುವುದಿಲ್ಲ, ಸುಮ್ಮನೆ ನುಂಗಿದವರಲ್ಲಿ ಕೆಲವರ ಎದೆಬಡಿತ ಏರುಪೇರಾಗಿದೆ ಎಂದು ವೈದ್ಯಮಂಡಳಿ ಮೂರು ಗಂಟೆಗೆ ಪ್ರಕಟಿಸಿತ್ತು. ಗಂಟೆಯೊಳಗೆ ಲಕೋಟೆಗಳು ಕೆಳಗಿಳಿಯತೊಡಗಿದ್ದವು. ನುಂಗಿಯಾಯಿತೆಂದು ಆಣೆಯಿಟ್ಟವರ ಮನೆಗಳಿಂದಲೂ ಇಳಿದಿದ್ದವು.

"ಬನ್ನಿ, ನಿಮಗೇ ಕಾಯ್ತಿದ್ವಿ," ಎಂದರು ಕಾರ್ಯದರ್ಶಿಗಳು. "ಎಲ್ಲರೂ ಸೇರಿ ನಿಮ್ಮ ತಂಗಿಗೆ ಕೊಡೋಣ ಅಂತ ತೀರ್ಮಾನ ಮಾಡಿದ್ದೀವಿ. ಸಂಘದ ನಾಲ್ಕೂ ಸೇರಿ ಮೂವತ್ತೊಂಬತ್ತು. ಎಣಿಸಿಕೊಂಡು ಇಲ್ಲೊಂದು ಸಹಿ ಹಾಕಿ."

ಹಾಳೆಯಲ್ಲಿ ಮನೆ ಸಂಖ್ಯೆ, ಮಾತ್ರೆಗಳ ಸಂಖ್ಯೆ, ಗೆರೆ ಎಳೆದ ಕೋಷ್ಟಕ. ಮೇಲೆ 'ದಾನಿಗಳು' ಎಂಬ ತಲೆಬರಹ.

ಅವಳು ಸಹಿ ಹಾಕಿದಳು. ಮೊದಲು ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು; ಆಮೇಲೆ ನಾಲ್ಕೂ ಮಗ್ಗುಲಿಂದ ಚಪ್ಪಾಳೆ ಸುರಿಯಿತು. ವಿಮೆ ಏಜೆಂಟ ಫೋನೆತ್ತಿ ಚಿತ್ರ ತೆಗೆಯುತ್ತಿದ್ದ.

"ಎರಡು ಮಾತು ಹೇಳಿ, ಎಲ್ಲರಿಗೂ ಸಂತೋಷ ಆಗುತ್ತೆ," ಎಂದು ಕಾರ್ಯದರ್ಶಿಗಳು ಮೆಲ್ಲಗೆ ಸೂಚಿಸಿದರು. ಅವರ ಕೈ ಇನ್ನೂ ಪೆಟ್ಟಿಗೆಯ ಮೇಲಿತ್ತು.

ಅವಳ ಬಾಯಲ್ಲಿ ಮಾತುಗಳಿದ್ದವು. ಹದಿನೈದು ದಿನಗಳಿಂದ ಹಲ್ಲು ಕಚ್ಚಿ ಹಿಡಿದಿದ್ದ ಮಾತುಗಳು. ಆಡಿದ್ದರೆ ಆ ನಲವತ್ತೇಳು ಮನೆಗಳಲ್ಲಿ ಒಬ್ಬರೂ ತಲೆಯೆತ್ತುವಂತಿರಲಿಲ್ಲ. ಆದರೆ ಮೂವತ್ತೊಂಬತ್ತು ಮಾತ್ರೆ ಇಪ್ಪತ್ತು ದಿನ ಸಹ ಬರುವುದಿಲ್ಲ. ಆಮೇಲೆ ಅಂಗಡಿಗೆ ಬಾರದಿದ್ದರೆ ಮತ್ತೆ ಯಾರ ಬಾಗಿಲು? ಅನ್ಯಾಯಕ್ಕೊಳಗಾದವರಿಗೆ ಕೋಪಿಸಿಕೊಳ್ಳುವ ಹಕ್ಕನ್ನೂ ಉಳಿಸದ ಸಮಾಜ ತನ್ನನ್ನು ಸಭ್ಯವೆಂದು ಕರೆದುಕೊಳ್ಳಬಾರದು.

"ತುಂಬಾ ಉಪಕಾರ ಆಯ್ತು," ಎಂದಳು ಟೈಲರಕ್ಕ, ಕತ್ತೆತ್ತಿ, ಎಲ್ಲರಿಗೂ ಕೇಳುವಂತೆ.

ಮತ್ತೆ ಚಪ್ಪಾಳೆ. ಕಾರ್ಯದರ್ಶಿಗಳು ಕೈ ತೆಗೆದರು.

ಆಸ್ಪತ್ರೆಯ ಕಿಟಕಿಯಲ್ಲಿ ವೈದ್ಯೆ ಪೊಟ್ಟಣ ತೆಗೆದುಕೊಂಡಳು, ಒಂದು ಮಾತ್ರೆ ಹೊರಳಿಸಿ ನೋಡಿ ಇದೇ ಎಂದಳು. ಆಮೇಲೆ, ಅಳೆದು ತೂಗಿ, ಹೇಳಿದಳು: ಒಂದು ವಾರ ಮೊದಲು ಬಂದಿದ್ದರೆ ಬೇರೆ ಮಾತು, ಹೋದದ್ದು ಹೋಯಿತು, ಇದರಿಂದ ಉಳಿದದ್ದು ಉಳಿಯಬಹುದು, ಉಳಿಯದಿದ್ದರೆ ವಾರಕ್ಕೆ ಮೂರು ಸಲ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಬೇಕಾಗುತ್ತದೆ, ಬದುಕಿರುವಷ್ಟು ಕಾಲ.

ಟೈಲರಕ್ಕ ಕಾಂಪೌಂಡ್ ಗೋಡೆಗೆ ಒರಗಿ ಕೂತಳು. ಫೋನು ರಿಂಗಾಯಿತು. ಒಳಗಿನಿಂದ ತಂಗಿ.

"ಅಕ್ಕ, ಮಾತ್ರೆ ಬಂತು ಅಂದ್ರು. ಎಲ್ಲಿ ಸಿಕ್ತೇ?"

"ನಮ್ಮ ಬಿಲ್ಡಿಂಗಲ್ಲೇ."

"ಕೊಟ್ರಾ? ಎಲ್ಲರೂ?"

"ಹ್ಞೂಂ. ಎಲ್ಲರೂ."

ಮಾತಾಡಲು ತಂಗಿಗೆ ಆಯಾಸವಾಗುತ್ತಿತ್ತು.

"ನಾವು ಸುಮ್ನೆ ಅವರನ್ನ ಬೈಕೊಂಡ್ವಿ ಅಲ್ವಾ? ಮನೆಗೆ ಬಂದ ಮೇಲೆ ಒಂದೊಂದು ಬಾಗಿಲಿಗೂ ಹೋಗಿ ಥ್ಯಾಂಕ್ಸ್ ಹೇಳ್ತೀನಿ."

"ಬೇಡ," ಎಂದಳು ಟೈಲರಕ್ಕ. ಧ್ವನಿ ತಾನೆಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಗೇಟಿನ ಕಾವಲುಗಾರ ತಿರುಗಿ ನೋಡಿದ. "ನಾನು ಹೇಳಿ ಆಯ್ತು ಪುಟ್ಟಿ. ನಿನ್ನ ಲೆಕ್ಕದ್ದೂ ಸೇರಿಸಿ ಹೇಳಿದ್ದೀನಿ. ನೀನು ಯಾರಿಗೂ ಹೇಳಕೂಡದು."